ಹುಡುಗಿ ಬೆಳೆದದ್ದೇ ತಪ್ಪಾ?

2025ರ ಫೆಬ್ರವರಿಯಲ್ಲಿ ಚೀನಾದ ಹಾರ್ಬಿನ್ ನಗರದಲ್ಲಿ ಏಷ್ಯನ್ ಚಳಿಗಾಲದ ಕ್ರೀಡಾಕೂಟ ನಡೀತು. ಮಹಿಳೆಯರ ಫಿಗರ್ ಸ್ಕೇಟಿಂಗ್‌ನಲ್ಲಿ ಭಾರತದ ತಾರಾ ಪ್ರಸಾದ್ ಎಂಟನೇ ಸ್ಥಾನ ಪಡೆದರು. ಎಂಟನೇ ಸ್ಥಾನ ತಾನೇ, ಅದೇನು ಸುದ್ದಿ ಅಂತ ಕೇಳಬಹುದು. ನಮ್ಮಲ್ಲಿ ಪದಕ ಬಂದರೆ ಮಾತ್ರ ಸುದ್ದಿ. ನಾಲ್ಕನೇ ಸ್ಥಾನ ಬಂದವರಿಗೇ ಮನೆಮಂದಿ ಬಿಟ್ಟರೆ ಯಾರೂ ಹಾರ ಹಾಕಲ್ಲ, ಇನ್ನು ಎಂಟನೆಯವರ ಗತಿ ಏನು?

ಆದರೆ ಇವತ್ತು ಆ ಎಂಟನೇ ಸ್ಥಾನದ ಬಗ್ಗೆಯೇ ಮಾತಾಡಬೇಕು ಅನ್ನಿಸ್ತು. ಕಾರಣ, ಒಂದು ಫೋನ್ ಕರೆ.

ಕರೆ ಬಂದದ್ದು ಕಾಗವಾಡ ತಾಲೂಕಿನ ಜುಗೂಳದಿಂದ. ಕೃಷ್ಣಾ ದಂಡೆಯ ಊರು. ಹೊಳೆ ದಾಟಿದರೆ ಮಹಾರಾಷ್ಟ್ರ. ಒಬ್ಬ ತಾಯಿ ಮಾತಾಡಿದರು. ಮಗಳು ಎಂಟನೇ ಕ್ಲಾಸು. ಮೊಬೈಲ್‌ನಲ್ಲಿ ಯಾವುದೋ ದೇಶದ ಹುಡುಗಿ ಐಸ್ ಮೇಲೆ ಗಿರಕಿ ಹೊಡೆಯೋದನ್ನ ನೋಡಿದ್ದಾಳೆ. ಹಟ ಮಾಡಿ ಮಿರಜ್‌ನಿಂದ ಚಕ್ರದ ಶೂ ತರಿಸಿಕೊಂಡಿದ್ದಾಳೆ. ಮನೆ ಮುಂದಿನ ಕಾಂಕ್ರೀಟ್ ರಸ್ತೆ ಮೇಲೆ ಬಿದ್ದು ಎದ್ದು ಕಲೀತಾ ಇದ್ದಾಳೆ. ಇಲ್ಲಿವರೆಗೆ ಯಾರೂ ಏನೂ ಅಂದಿರಲಿಲ್ಲ. ಈಗ ಶುರುವಾಗಿದೆ. ಆ ತಾಯಿ ಅಂದದ್ದು ಇಷ್ಟು: "ದೊಡ್ಡಾಕಿ ಆಗ್ಯಾಳ, ಇನ್ನ ಸಾಕು ಮಾಡಸ್ರಿ ಅಂತಾರ್ರಿ ಎಲ್ಲಾರೂ. ನಾ ಆಕೀಗ ಹೂಂ ಅನ್ಲೇನ್ರಿ, ಬ್ಯಾಡ ಅನ್ಲೇನ್ರಿ?"

ಸಣ್ಣ ಪ್ರಶ್ನೆ. ಆದರೆ ಇದಕ್ಕೆ ಉತ್ತರ ಹೇಳಬೇಕಾದರೆ ಜಗತ್ತು ಸುತ್ತಿ ಬರಬೇಕು. ಬನ್ನಿ, ಹೋಗಿ ಬರೋಣ.

ಮೊದಲು ಈ ಆಟ ಏನು ಅಂತ ನೋಡಿ. ಶೂ ಕೆಳಗೆ ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಉಕ್ಕಿನ ಅಲಗು. ಅದರ ಅಂಚಿನ ಮೇಲೆ ನಿಂತು, ಓಡಿ, ನೆಗೆದು, ಗಾಳಿಯಲ್ಲಿ ಎರಡು ಸುತ್ತು, ಮೂರು ಸುತ್ತು ತಿರುಗಿ ಒಂದೇ ಕಾಲ ಮೇಲೆ ಇಳೀಬೇಕು. ಇಳಿಯೋವಾಗ ಆ ಒಂದು ಕಾಲಿನ ಮೇಲೆ ಮೈಭಾರದ ಹಲವು ಪಟ್ಟು ಹೊಡೆತ ಬೀಳುತ್ತೆ. ಅಷ್ಟಾದರೂ ಮುಖದ ಮೇಲೆ ನಗು ಇರಬೇಕು, ಸಂಗೀತಕ್ಕೆ ಕೈ ಆಡಬೇಕು, ಉಡುಪು ಮಿಂಚಬೇಕು. ಕುಸ್ತಿಯಲ್ಲಿ ಪೈಲ್ವಾನ ಚಿತ್ ಆದ ಅಂದರೆ ಚಿತ್, ಅಲ್ಲಿ ವಾದ ಕಡಿಮೆ. ಇಲ್ಲಿ ಹಾಗಲ್ಲ. ಪಕ್ಕದಲ್ಲಿ ಸಾಲಾಗಿ ಕೂತ ತೀರ್ಪುಗಾರರು ಅಂಕ ಕೊಡ್ತಾರೆ. ನೆಗೆತಕ್ಕೂ ಅಂಕ, ಚೆಲುವಿಗೂ ಅಂಕ. ಅಂದರೆ ಒಬ್ಬ ಹುಡುಗಿ ಏನು ಮಾಡಿದಳು ಅನ್ನೋದರ ಜೊತೆಗೆ ಹೇಗೆ ಕಂಡಳು ಅನ್ನೋದನ್ನೂ ಅಳೀತಾರೆ. ಈ ಆಟದ ಹೆಣ್ಣುಮಕ್ಕಳ ಕಷ್ಟ ಎಲ್ಲಾ ಶುರುವಾಗೋದು ಇಲ್ಲಿಂದಲೇ.

1902. ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಮ್ಯಾಡ್ಜ್ ಸೈಯರ್ಸ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು ಹೆಸರು ಕೊಟ್ಟರು. ಸಂಘಟಕರು ನಿಯಮದ ಪುಸ್ತಕ ತೆಗೆದು ನೋಡಿದರು. ಹೆಂಗಸರು ಆಡಬಾರದು ಅಂತ ಎಲ್ಲೂ ಬರೆದಿಲ್ಲ! ಯಾಕೆ ಬರೆದಿಲ್ಲ? ಹೆಣ್ಣು ಬಂದಾಳು ಅಂತ ಯಾರ ತಲೆಗೂ ಹೊಳೆದೇ ಇರಲಿಲ್ಲ. ಬಿಟ್ಟರು. ಆಕೆ ಗಂಡಸರ ಜೊತೆ ಆಡಿ ಎರಡನೇ ಸ್ಥಾನ ಗೆದ್ದರು. ಮರುವರ್ಷ ನಿಯಮ ಬಂತು, ಹೆಂಗಸರಿಗೆ ಪ್ರವೇಶ ಇಲ್ಲ ಅಂತ. ಕೊಟ್ಟ ಕಾರಣಗಳಲ್ಲಿ ಒಂದು ಏನು ಗೊತ್ತಾ? ಲಂಗ ಉದ್ದ ಇರುತ್ತೆ, ಪಾದ ಕಾಣಲ್ಲ, ತೀರ್ಪು ಕೊಡೋದು ಕಷ್ಟ! ಸೈಯರ್ಸ್ ಲಂಗದ ಉದ್ದ ಕಡಿಮೆ ಮಾಡಿಕೊಂಡು ಆಡ್ತಾ ಹೋದರು. 1906ರಲ್ಲಿ ಹೆಂಗಸರಿಗೆ ಬೇರೆ ಚಾಂಪಿಯನ್‌ಶಿಪ್ ಮಾಡಬೇಕಾಯ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಆಕೆಯದ್ದೇ.

ಎಂಬತ್ತು ವರ್ಷ ಮುಂದಕ್ಕೆ ಬನ್ನಿ. 1988. ಪೂರ್ವ ಜರ್ಮನಿಯ ಕತರೀನಾ ವಿಟ್, ಎರಡು ಒಲಿಂಪಿಕ್ಸ್ ಚಿನ್ನ ಗೆದ್ದಾಕೆ. ಆಕೆಯ ಉಡುಪು ಅತಿ ಗಿಡ್ಡ ಆಯ್ತು ಅಂತ ಗದ್ದಲ. ಹೆಂಗಸರು ಲಂಗವನ್ನೇ ಹಾಕಬೇಕು, ಅದು ಇಷ್ಟು ಮುಚ್ಚಬೇಕು ಅಂತ ನಿಯಮ ಬಂತು. ಐಸ್ ಮೇಲೆ ಪ್ಯಾಂಟ್ ಹಾಕೋದಕ್ಕೆ ಹೆಂಗಸರು 2004ರವರೆಗೆ ಕಾಯಬೇಕಾಯ್ತು. ಇನ್ನೂ ಮುಂದೆ ಬನ್ನಿ. 2012, ಇಟಲಿಯಲ್ಲಿ ಒಂದು ಸ್ಪರ್ಧೆ. ಅರಬ್ ಸಂಯುಕ್ತ ಸಂಸ್ಥಾನದ ಜಹ್ರಾ ಲಾರಿ ಹಿಜಾಬ್ ತೊಟ್ಟು ಆಡಿದರು. ಅಂಕ ಕಡಿತ! ಆಕೆ ಸುಮ್ಮನೆ ಕೂರಲಿಲ್ಲ, ತಕರಾರು ಎತ್ತಿದರು, ಕೊನೆಗೆ ನಿಯಮವೇ ಬದಲಾಯ್ತು.

ಲೆಕ್ಕ ಹಾಕಿ. ಒಬ್ಬಳ ಲಂಗ ಉದ್ದ ಆಯ್ತು, ತಪ್ಪು. ಒಬ್ಬಳದು ಗಿಡ್ಡ ಆಯ್ತು, ತಪ್ಪು. ಒಬ್ಬಳು ತಲೆ ಮುಚ್ಚಿದಳು, ಅದೂ ತಪ್ಪು. ಹಾಗಾದರೆ ಸರಿ ಯಾವುದು ಸ್ವಾಮಿ? ಜುಗೂಳದಲ್ಲಿ "ಹುಡಿಗಿ ಲೆಗ್ಗಿಂಗ್ಸ್ ಹಾಕ್ಕೊಂಡ್ ರಸ್ತಾದಾಗ ಹೊಂಟಾಳ" ಅಂತ ಕಟ್ಟೆ ಮೇಲೆ ಕೂತು ಮಾತಾಡೋರಿದ್ದಾರಲ್ಲ, ಅವರು ನಮ್ಮ ಹಳ್ಳಿಯ ವಿಶೇಷ ಅಂದ್ಕೋಬೇಡಿ. ಲಂಡನ್‌ನಲ್ಲಿ ಕೋಟು ಹಾಕ್ಕೊಂಡು ಕೂತೋರೂ ಅದನ್ನೇ ಮಾತಾಡಿದ್ದಾರೆ.

ಬಟ್ಟೆಯ ಕಥೆ ಇಷ್ಟು. ಮೈಯ ಕಥೆ ಇನ್ನೂ ಕಠಿಣ.

ಗಾಳಿಯಲ್ಲಿ ಗಿರಗಿರ ತಿರುಗೋದಕ್ಕೆ ಹಗುರ ಮೈ, ಸಣ್ಣ ಸೊಂಟ ಇದ್ದಷ್ಟೂ ಅನುಕೂಲ. ಬುಗುರಿ ನೋಡಿದ್ದೀರಲ್ಲ, ಹಾಗೆ. ಹದಿನಾಲ್ಕು ಹದಿನೈದರ ಹುಡುಗಿಗೆ ಸಲೀಸಾಗಿ ಬರೋ ನೆಗೆತ, ಮೈ ಬೆಳೆದ ಮೇಲೆ ಕಷ್ಟ ಆಗುತ್ತೆ. ಆಗ ಏನಾಗುತ್ತೆ? ಬೆಳೆಯದ ಹುಡುಗಿಯರಿಗೆ ಬೆಲೆ ಬರುತ್ತೆ, ಬೆಳೆದವರು ಮೂಲೆಗೆ. ರಷ್ಯಾದ ಯೂಲಿಯಾ ಲಿಪ್ನಿಟ್ಸ್ಕಯಾ ಹೆಸರು ಕೇಳಿದ್ದೀರಾ? 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ತಂಡದ ಚಿನ್ನ ಗೆದ್ದಾಗ 15 ವರ್ಷ. ಜಗತ್ತೇ ಎದ್ದು ಚಪ್ಪಾಳೆ ಹೊಡೀತು. 19ಕ್ಕೆ ನಿವೃತ್ತಿ. ಕಾರಣ ಅನೋರೆಕ್ಸಿಯಾ, ಅಂದರೆ ಊಟವನ್ನೇ ಹತ್ತಿರ ಸೇರಿಸದ ಕಾಯಿಲೆ. ಮಗಳು ಒಂದು ಹೊತ್ತು ಉಣ್ಣದಿದ್ದರೆ ನಮ್ಮ ತಾಯಂದಿರು ರೊಟ್ಟಿ ತಾಟು ಹಿಡ್ಕೊಂಡು ಹಿಂದೆ ಹಿಂದೆ ಓಡಾಡ್ತಾರೆ. ಅಲ್ಲಿ ಒಬ್ಬ ಒಲಿಂಪಿಕ್ ಚಾಂಪಿಯನ್ ಊಟಕ್ಕೆ ಹೆದರಿ ಬದುಕಿದಳು.

2022ರ ಬೀಜಿಂಗ್. ಕಮಿಲಾ ವಲಿಯೇವಾ, ಆಕೆಗೂ 15. ಒಲಿಂಪಿಕ್ಸ್‌ನಲ್ಲಿ ನಾಲ್ಕು ಸುತ್ತಿನ ನೆಗೆತ ಮಾಡಿದ ಮೊದಲ ಹೆಣ್ಣುಮಗಳು. ಕೂಟದ ಮಧ್ಯದಲ್ಲೇ ಸುದ್ದಿ ಬಂತು, ಹಿಂದಿನ ಡಿಸೆಂಬರ್‌ನಲ್ಲಿ ತೆಗೆದ ಸ್ಯಾಂಪಲ್‌ನಲ್ಲಿ ನಿಷೇಧಿತ ಹೃದಯದ ಔಷಧಿ ಸಿಕ್ಕಿದೆ ಅಂತ. ಕೊನೇ ದಿನ ಐಸ್ ಮೇಲೆ ಮತ್ತೆ ಮತ್ತೆ ಬಿದ್ದಳು, ಅತ್ತಳು, ನಾಲ್ಕನೇ ಸ್ಥಾನಕ್ಕೆ ಇಳಿದಳು. ನಾಲ್ಕು ವರ್ಷ ನಿಷೇಧವೂ ಆಯ್ತು. ಹದಿನೈದು ವರ್ಷದ ಮಗುವಿನ ಸುತ್ತ ಎಷ್ಟು ದೊಡ್ಡವರಿದ್ದರು, ಅವರಲ್ಲಿ ಎಷ್ಟು ಜನ ಕ್ಯಾಮೆರಾ ಮುಂದೆ ಅತ್ತರು? ಆ ವರ್ಷವೇ ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಸ್ಥೆ ತೀರ್ಮಾನ ಮಾಡ್ತು, ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸನ್ನು ಹಂತಹಂತವಾಗಿ 15ರಿಂದ 17ಕ್ಕೆ ಏರಿಸೋದು ಅಂತ.

ಈಗ ಜುಗೂಳಕ್ಕೆ ಬನ್ನಿ. ಅಲ್ಲಿ ಏನಂತಾರೆ? ದೊಡ್ಡಾಕಿ ಆದಳು, ಆಟ ಸಾಕು. ಮಾಸ್ಕೋದಲ್ಲಿ ಹುಡುಗಿ ಬೆಳೆದರೆ ನೆಗೆತ ಹೋಗುತ್ತೆ ಅನ್ನೋ ಭಯ, ಜುಗೂಳದಲ್ಲಿ ಹುಡುಗಿ ಬೆಳೆದರೆ ಮರ್ಯಾದೆ ಹೋಗುತ್ತೆ ಅನ್ನೋ ಭಯ. ಭಾಷೆ ಬೇರೆ, ಹವಾಮಾನ ಬೇರೆ, ಆದರೆ ಎರಡೂ ಕಡೆ ಹುಡುಗಿ ಬೆಳೆದದ್ದೇ ತಪ್ಪು! ಹುಡುಗ ಬೆಳೆದರೆ ಏನಂತೀವಿ? ಮೀಸೆ ಬಂತು, ಮೈ ತುಂಬ್ತು, ಇನ್ನು ತಾಲೀಮಿಗೆ ಹಾಕ್ರಿ, ಹಾಲು ತುಪ್ಪ ಕೊಡ್ರಿ ಅಂತೀವಿ. ಅವನ ಆಟ ಶುರುವಾಗೋ ವಯಸ್ಸಿಗೇ ಇವಳ ಆಟ ಮುಗೀಬೇಕು. ಇದು ಯಾವ ನ್ಯಾಯ?

ಹೊಳೆ ಆಚೆ ಖಿದ್ರಾಪುರ ಇದೆ. ಜುಗೂಳದವರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿಯ ಕೋಪೇಶ್ವರ ಗುಡಿಯ ಗೋಡೆ ಮೇಲೆ ಕಲ್ಲಿನ ಹೆಣ್ಣುಗಳು ನೂರಾರು ವರ್ಷದಿಂದ ನಿಂತಿದ್ದಾರೆ, ಸೊಂಟ ಬಳುಕಿಸಿ, ಕೈ ಎತ್ತಿ. ಕೈಮುಗಿದು ಬರ್ತೀವಿ, ಎಂಥಾ ಶಿಲ್ಪ ಅಂತ ಫೋಟೋ ತೆಗೀತೀವಿ. ಅವರ್ಯಾರೂ ಎಂಟನೇ ಕ್ಲಾಸಿನವರಲ್ಲ, ಬೆಳೆದ ಹೆಣ್ಣುಗಳೇ. ಕಲ್ಲಲ್ಲಿ ಒಪ್ಪಿದ್ದನ್ನ ಮನೆ ಮಗಳಲ್ಲಿ ಒಪ್ಪಲ್ಲ.

ಬೆಳೆದ ಮೇಲೆ ಆಗಲ್ಲ ಅನ್ನೋದು ಸುಳ್ಳು ಅಂತಲೂ ಇದೇ ಆಟ ತೋರಿಸಿಕೊಟ್ಟಿದೆ. ಅಮೆರಿಕದ ಅಲಿಸಾ ಲಿಯು ಬೀಜಿಂಗ್ ಒಲಿಂಪಿಕ್ಸ್ ಮುಗಿಸಿ 16ನೇ ವಯಸ್ಸಿಗೇ ಸಾಕು ಅಂತ ಶೂ ಬಿಚ್ಚಿಟ್ಟರು. ಎರಡು ವರ್ಷ ಕಾಲೇಜು, ಗೆಳತಿಯರು, ಬೆಟ್ಟ ಗುಡ್ಡ. ಆಮೇಲೆ ತಾನಾಗಿಯೇ ವಾಪಸ್ ಬಂದರು. ನನ್ನ ಸಂಗೀತ, ನನ್ನ ಉಡುಪು ಎಲ್ಲದರಲ್ಲೂ ನನ್ನ ಮಾತು ನಡೀಬೇಕು ಅಂತ ಹೇಳಿಯೇ ಬಂದರು. 2025ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 2006ರ ನಂತರ ಅಮೆರಿಕದ ಹೆಣ್ಣುಮಗಳೊಬ್ಬಳು ಆ ಕಿರೀಟ ಗೆದ್ದದ್ದು ಅದೇ ಮೊದಲು. ಯಾರೋ ತಳ್ಳಿದ್ದಕ್ಕೆ ಆಡೋದು ಬೇರೆ, ತನಗೆ ಬೇಕು ಅಂತ ಆಡೋದು ಬೇರೆ.

ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗೋಕಾಗಲ್ಲ. ಫ್ರಾನ್ಸಿನ ಸೂರ್ಯಾ ಬೊನಾಲಿ. ಹೆಸರು ನಮ್ಮದೇ ಸೂರ್ಯ. ಕಪ್ಪು ಮೈಬಣ್ಣ, ಗಟ್ಟಿ ಮೈಕಟ್ಟು. ಐದು ಸಲ ಯುರೋಪಿನ ಚಾಂಪಿಯನ್. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಾತ್ರ 1993, 94, 95, ಮೂರೂ ವರ್ಷ ಬೆಳ್ಳಿ. ಆಕೆಯ ಆಟದಲ್ಲಿ ನಾಜೂಕು ಇಲ್ಲ ಅನ್ನೋ ಮಾತು ಬೆನ್ನು ಬಿಡಲಿಲ್ಲ. 1994ರಲ್ಲಿ ವೇದಿಕೆ ಮೇಲೇ ಬೆಳ್ಳಿ ಪದಕ ಕೊರಳಿಂದ ತೆಗೆದರು. 1998ರ ನಾಗಾನೋ ಒಲಿಂಪಿಕ್ಸ್‌ನಲ್ಲಿ, ಪದಕ ಹೇಗೂ ಬರಲ್ಲ ಅಂತ ಗೊತ್ತಾದಾಗ, ಹಿಂದಕ್ಕೆ ಪಲ್ಟಿ ಹೊಡೆದು ಒಂದೇ ಕಾಲ ಮೇಲೆ ಇಳಿದರು. ಆ ಪಲ್ಟಿ ನಿಷೇಧ ಆಗಿತ್ತು. ಅಂಕ ಹೋಯ್ತು, ಜನ ಎದ್ದು ನಿಂತರು. 2024ರಲ್ಲಿ ಆ ನಿಷೇಧ ತೆಗೆದರು. ಈಗಿನವರು ಅದನ್ನೇ ಮಾಡಿ ಚಪ್ಪಾಳೆ ಗಿಟ್ಟಿಸ್ತಾರೆ. ದಾರಿ ಮಾಡಿದವರಿಗೆ ದಂಡ, ನಡೆದವರಿಗೆ ಹಾರ!

ಸರಿ, ಇವೆಲ್ಲಾ ಪರದೇಶದ ಮಾತಾಯ್ತು. ನಮ್ಮ ದೇಶದಲ್ಲಿ ಏನಿದೆ?

ಶಿಮ್ಲಾದಲ್ಲಿ 1920ರಿಂದ ಬಯಲು ಐಸ್ ರಿಂಕ್ ಇದೆ. ಚಳಿ ಬಿದ್ದರೆ ಐಸ್, ಬಿಸಿಲು ಬಂದರೆ ನೀರು. ಗುರುಗ್ರಾಮದ ಒಂದು ಮಾಲ್‌ನಲ್ಲಿ ರಿಂಕ್ ಇದೆ. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ಡೆಹ್ರಾಡೂನ್‌ನಲ್ಲಿ ದೊಡ್ಡ ಒಳಾಂಗಣ ರಿಂಕ್ ಕಟ್ಟಿದರು. ಕೂಟ ಮುಗೀತು, ಬೀಗ ಬಿತ್ತು. ವರ್ಷಗಟ್ಟಲೆ ಹಾಗೇ ಬಿದ್ದಿತ್ತು. 2025ರಲ್ಲಿ ದುರಸ್ತಿ ಮಾಡಿ ತೆರೆದು, ಆಗಸ್ಟ್‌ನಲ್ಲಿ ಏಷ್ಯಾ ಮಟ್ಟದ ಸ್ಪರ್ಧೆ ನಡೆಸಿದರು. ಸಂತೋಷ. ಆದರೆ ಬೀಗ ಬಿದ್ದಿದ್ದ ಆ ವರ್ಷಗಳಲ್ಲಿ ಹತ್ತು ವರ್ಷದ ಹುಡುಗಿಯರು ಇಪ್ಪತ್ತು ದಾಟಿದರಲ್ಲ, ಆ ವರ್ಷಗಳನ್ನು ಯಾರು ದುರಸ್ತಿ ಮಾಡ್ತಾರೆ?

ಹಾಗಾಗಿ ಏನಾಗಿದೆ ನೋಡಿ. ತಾರಾ ಪ್ರಸಾದ್ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. 2019ರಲ್ಲಿ ಅಮೆರಿಕದ ಪೌರತ್ವ ಬಿಟ್ಟು ಭಾರತದ ಪೌರತ್ವ ತಗೊಂಡರು. ಜನ ಇಲ್ಲಿಂದ ಅಲ್ಲಿಗೆ ಹೋಗೋದಕ್ಕೆ ವೀಸಾ ಕ್ಯೂ ನಿಲ್ತಾರೆ, ಈಕೆ ಅಲ್ಲಿಂದ ಇಲ್ಲಿಗೆ ಬಂದರು, ಮೈಮೇಲೆ ಇಂಡಿಯಾ ಅಂತ ಬರೆಸಿಕೊಳ್ಳೋದಕ್ಕೆ. ಮೂರು ಸಲ ರಾಷ್ಟ್ರೀಯ ಚಾಂಪಿಯನ್. ಅವರಿಗಿಂತ ಮೊದಲು, 2000ದ ದಶಕದಲ್ಲಿ, ಭಾರತದ ಪರ ಅಂತರರಾಷ್ಟ್ರೀಯ ಕೂಟಗಳಲ್ಲಿ ಇಳಿದ ಅಮಿ ಪಾರೇಖ್ ಕೂಡಾ ಅಮೆರಿಕದಲ್ಲಿ ತಯಾರಾದವರೇ. ಐಸ್ ಇರೋ ದೇಶ, ಖರ್ಚು ತಡಕೊಳ್ಳೋ ಮನೆ, ಇವೆರಡೂ ಇದ್ದರೆ ಮಾತ್ರ ಈ ಆಟ. ಕೋಚ್‌ಗೆ ದುಡ್ಡು, ಐಸ್‌ಗೆ ಗಂಟೆ ಲೆಕ್ಕದ ಬಾಡಿಗೆ, ಶೂಗೆ, ಉಡುಪಿಗೆ, ವಿಮಾನಕ್ಕೆ. ಪದಕ ಬಂದ ಮೇಲೆ ಸರ್ಕಾರ ಬರುತ್ತೆ ಹಾರ ಹಿಡ್ಕೊಂಡು. ಅಲ್ಲಿವರೆಗೆ ಅಪ್ಪನ ಜೇಬು, ಅಮ್ಮನ ಬಂಗಾರ.

ಚಕ್ರದ ಸ್ಕೇಟಿಂಗ್‌ನಲ್ಲಿ ಪರಿಸ್ಥಿತಿ ಸ್ವಲ್ಪ ವಾಸಿ, ಯಾಕಂದ್ರೆ ಅದಕ್ಕೆ ಐಸ್ ಬೇಡ, ನುಣುಪಾದ ನೆಲ ಸಾಕು. ಐಸ್ ಮೇಲಿನ ನೆಗೆತ, ಗಿರಕಿಗಳನ್ನೇ ಚಕ್ರದ ಮೇಲೆ ಮಾಡೋ ಆರ್ಟಿಸ್ಟಿಕ್ ಸ್ಕೇಟಿಂಗ್ ಇದೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವನಿ ಪಾಂಚಾಲ್, ಅನೂಪ್ ಕುಮಾರ್ ಯಾಮಾ ಜೋಡಿ ಅದರಲ್ಲಿ ಕಂಚು ತಂದಿತ್ತು. 2023ರ ಹಾಂಗ್‌ಝೌನಲ್ಲಿ ವೇಗದ ಸ್ಕೇಟಿಂಗ್. ಮಹಿಳೆಯರ 3000 ಮೀಟರ್ ರಿಲೇ. ಸಂಜನಾ ಬತುಲಾ, ಕಾರ್ತಿಕಾ ಜಗದೀಶ್ವರನ್, ಹೀರಲ್ ಸಾಧು, ಆರತಿ ಕಸ್ತೂರಿ ರಾಜ್. ಈ ನಾಲ್ವರೂ ಕಂಚು ಗೆದ್ದರು. ಆರತಿ ಅವರು ಓದಿನಲ್ಲಿ ಡಾಕ್ಟರ್. ಆಟ ಆಡಿದರೆ ಓದು ಕೆಡುತ್ತೆ ಅನ್ನೋರು ಈ ಒಂದು ಹೆಸರು ನೆನಪಿಟ್ಟುಕೊಳ್ಳಿ. ನಮ್ಮ ಬೆಳಗಾವಿ ಊರೇನು ಕಡಿಮೆಯಾ? ಸಾಲಾಗಿ ನಿಂತ ಕಾರುಗಳ ಕೆಳಗೆ ನೆಲಕ್ಕೆ ಅಂಟಿಕೊಂಡು ನುಸುಳೋ ಲಿಂಬೋ ಸ್ಕೇಟಿಂಗ್‌ನಲ್ಲಿ ಬೆಳಗಾವಿ ಹುಡುಗರು ದಾಖಲೆ ಮಾಡಿದವರು. ಅಂದರೆ ಜಿಲ್ಲೆಗೆ ಸ್ಕೇಟಿಂಗ್ ಹೊಸದಲ್ಲ. ಜುಗೂಳಕ್ಕೆ ಹೊಸದು. ಜುಗೂಳದಿಂದ ಬೆಳಗಾವಿ ನೂರು ಕಿಲೋಮೀಟರ್ ಆಚೆ. ಶಾಲೆ ಬಿಟ್ಟ ಮೇಲೆ ಹೋಗಿ ಪ್ರಾಕ್ಟೀಸ್ ಮಾಡಿ ರಾತ್ರಿ ಊಟಕ್ಕೆ ಬರೋ ದೂರ ಅಲ್ಲ ಅದು.

ಹಳ್ಳಿ ಹುಡುಗಿಗೆ ಗೊತ್ತಿಲ್ಲದ ಆಟ ಒಗ್ಗಲ್ಲ ಅಂತ ಮಾತ್ರ ಹೇಳಬೇಡಿ. ಕುರಾಷ್ ಅಂದರೆ ಏನು ಅಂತ 2018ಕ್ಕೆ ಮೊದಲು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಉಜ್ಬೇಕಿಸ್ತಾನದ ಕಡೆಯ ಕುಸ್ತಿ ಅದು. ಆ ವರ್ಷ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅದರಲ್ಲಿ ಕಂಚು ಗೆದ್ದದ್ದು ಮಲಪ್ರಭಾ ಜಾಧವ್. ಇದೇ ಬೆಳಗಾವಿ ಜಿಲ್ಲೆಯ ತುರಮುರಿ ಊರಿನ ರೈತನ ಮಗಳು. ಹೇಗೆ ಸಾಧ್ಯ ಆಯ್ತು? ಬೆಳಗಾವಿಯಲ್ಲಿ ಸರ್ಕಾರಿ ಕ್ರೀಡಾ ಹಾಸ್ಟೆಲ್ ಇತ್ತು, ಜೂಡೋ ಕಲಿಸೋರಿದ್ದರು. ಹೊಟ್ಟೆಗೆ ಊಟ, ಮಲಗೋಕೆ ಜಾಗ, ಬೆಳಿಗ್ಗೆ ಎಬ್ಬಿಸೋಕೆ ಒಬ್ಬ ಕೋಚ್. ಇಷ್ಟು ಸಿಕ್ಕಿದ್ದಕ್ಕೆ ರೈತನ ಮಗಳು ಏಷ್ಯಾದ ವೇದಿಕೆ ಹತ್ತಿದಳು. ಆಕೆ ಗೆದ್ದಾಗ ಎಂಟನೇ ಕ್ಲಾಸಿನ ಹುಡುಗಿ ಆಗಿರಲಿಲ್ಲ, ಬೆಳೆದ ಹೆಣ್ಣುಮಗಳು. ಬೆಳೆಯೋದಕ್ಕೆ ಬಿಟ್ಟಿದ್ದಕ್ಕೇ ಗೆದ್ದಳು.

ಈಗ ಆ ತಾಯಿಗೆ ಉತ್ತರ.

ಹೂಂ ಅನ್ನಿ ತಾಯಿ. ಆದರೆ ಸುಳ್ಳು ಕನಸು ಕಟ್ಟಬೇಡಿ. ನಿಮ್ಮ ಮಗಳು ಒಲಿಂಪಿಕ್ಸ್‌ಗೆ ಹೋಗ್ತಾಳೆ ಅಂತ ನಾನು ಹೇಳಲ್ಲ, ಹೇಳಿದರೆ ಅದು ಮೋಸ. ರಸ್ತೆ ಮೇಲೆ ಮಾತ್ರ ಬಿಡಬೇಡಿ. ಕಬ್ಬು ಕಡಿಯೋ ಹಂಗಾಮು ಶುರುವಾದರೆ ನಿಮ್ಮ ಭಾಗದ ರಸ್ತೆ ಹೇಗಿರುತ್ತೆ ನಿಮಗೇ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹಾಡು ಹಾಕ್ಕೊಂಡು ಬರುತ್ತೆ, ಹಿಂದೆ ಯಾರಿದ್ದಾರೆ ಮುಂದೆ ಯಾರಿದ್ದಾರೆ ನೋಡಲ್ಲ. ತಲೆಗೆ ಹೆಲ್ಮೆಟ್, ಮೊಣಕಾಲಿಗೆ ಮೊಣಕೈಗೆ ಪ್ಯಾಡ್ ಇಲ್ಲದೆ ಶೂ ಕಟ್ಟೋಕೆ ಬಿಡಬೇಡಿ. ಮೊಬೈಲ್ ನೋಡಿ ನೆಗೆಯೋಕೆ ಹೋಗೋದು ಬೇಡ. ನಿಲ್ಲೋದು, ಬೀಳೋದು, ತಿರುಗೋದು ಮೊದಲು. ಹೊಟ್ಟೆ ತುಂಬಾ ಉಣ್ಣಲಿ. ತೆಳ್ಳಗಾಗಬೇಕು ಅಂತ ಊಟ ಬಿಟ್ಟ ದಿನ ಶೂ ಬಿಚ್ಚಿಸಿ. ಮತ್ತೆ, ಆಕೆಗೇ ಸಾಕು ಅನ್ನಿಸಿದ ದಿನ ಬಿಡಲಿ. ಕಟ್ಟೆ ಮೇಲಿನವರಿಗೆ ಸಾಕು ಅನ್ನಿಸಿದ್ದಕ್ಕೆ ಬಿಡೋದು ಬೇಡ.

ಆದರೆ ಒಬ್ಬ ತಾಯಿ ಹೂಂ ಅಂದರೆ ಸಾಕಾ? ಜುಗೂಳದ ಪಂಚಾಯಿತಿಯವರೇ, ಶಾಲೆ ಎಸ್‌ಡಿಎಂಸಿಯವರೇ, ಕಾಗವಾಡ ತಾಲೂಕಿನ ಅಧಿಕಾರಿಗಳೇ, ಇನ್ನುಳಿದ ಮಾತು ನಿಮಗೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ನದಿ ದಂಡೆಯ ನಿಮ್ಮ ಊರುಗಳ ಪಾಡು ಏನಾಯ್ತು ಅಂತ ರಾಜ್ಯವೇ ನೋಡಿದೆ. ಹೊಲ, ಮನೆ, ಶಾಲೆ ಅಂತ ನೋಡದೆ ನುಗ್ಗೋ ನೀರು ಅದು. ಅಂಥ ಕಡೆ ಆಟದ ಮೈದಾನ ಕೇಳಿದರೆ ನಗ್ತೀರಿ ಅಂತ ಗೊತ್ತು. ಐಸ್ ರಿಂಕ್ ಯಾರೂ ಕೇಳ್ತಾ ಇಲ್ಲ. ಸಮುದಾಯ ಭವನದಲ್ಲಿ ಮದುವೆ ಇಲ್ಲದ ದಿನ ಸಂಜೆ ಎರಡು ತಾಸು. ಅಥವಾ ಶಾಲೆಯ ಅಂಗಳದಲ್ಲಿ ನುಣುಪಾದ ಒಂದು ಕಾಂಕ್ರೀಟ್ ಹಾಸು. ಆ ಎರಡು ತಾಸು ಹುಡುಗಿಯರಿಗೆ ಮಾತ್ರ ಅಂತ ಒಂದು ಬೋರ್ಡು, ಒಂದು ಟ್ಯೂಬ್‌ಲೈಟು, ಒಬ್ಬ ಟೀಚರ್. ಅವರು ಅಲ್ಲಿ ಸ್ಕೇಟಿಂಗ್ ಮಾಡಲಿ, ಕಬಡ್ಡಿ ಆಡಲಿ, ಹಗ್ಗ ಜಿಗಿಯಲಿ, ಏನೂ ಮಾಡದೆ ಸುಮ್ಮನೆ ನಗ್ತಾ ಕೂರಲಿ. ಆ ನೆಲ ಅವರದ್ದು ಅಂತ ಊರಿಗೆ ಗೊತ್ತಾಗಬೇಕು.

ಗಂಡುಮಕ್ಕಳ ಕ್ರಿಕೆಟ್ ಟೂರ್ನಮೆಂಟಿಗೆ ಪಟ್ಟಿ ಎತ್ತೋವಾಗ ಊರಲ್ಲಿ ದುಡ್ಡು ಹುಟ್ಟುತ್ತೆ. ಫ್ಲೆಕ್ಸ್ ಬೋರ್ಡಿಗೆ ಹುಟ್ಟುತ್ತೆ, ಡಿಜೆಗೆ ಹುಟ್ಟುತ್ತೆ. ಬೆಳೆದ ಹುಡುಗಿಯರಿಗೆ ಎರಡು ತಾಸು ನೆಲ ಕೊಡಿ ಅಂದಾಗ ಮಾತ್ರ ಗ್ರಾಮಸಭೆಯಲ್ಲಿ ಕೋರಂ ಇರಲ್ಲ. ಮುಂದಿನ ಗ್ರಾಮಸಭೆ ಯಾವಾಗ ಅಂತ ನೋಡಿಕೊಳ್ಳಿ. ಹೆಣ್ಣುಮಕ್ಕಳ ತಾಯಂದಿರು ಹತ್ತು ಜನ ಒಟ್ಟಿಗೆ ಹೋಗಿ ಕೂತುಕೊಳ್ಳಿ, ಕೇಳಿ, ನಡಾವಳಿಯಲ್ಲಿ ಬರೆಸಿ, ಸಹಿ ಆಗೋವರೆಗೂ ಏಳಬೇಡಿ.